ನಾಲ್ಕು ದೊಡ್ಡಕ್ಷರ, ಒಂದು ಚುಕ್ಕೆ: ಹೆಸರು ತಪ್ಪಿದ ಒಂದು ಹಳೇ ಪ್ರಿಂಟಿನ ಪ್ರಕರಣ

ಇದು ನಡೆದದ್ದು ನೆದರ್‌ಲ್ಯಾಂಡ್ಸಿನ ಒಂದು ಸಣ್ಣ ಊರಿನ ಪ್ರಿಂಟ್ ಸಂಗ್ರಹದಲ್ಲಿ. ಊರು, ಜನ, ಹಾಳೆಯ ನಂಬರು ಯಾವುದರ ಗುರುತೂ ಸಿಗದ ಹಾಗೆ ಬರೆದಿದ್ದೇನೆ. ಒಂದೆರಡು ಸಣ್ಣ ವಿವರ ಬೇಕೆಂದೇ ಬದಲಿಸಿದ್ದೇನೆ. ಹಳೇ ಚಿತ್ರಗಳ ಮುಂದೆ ನಿಂತು "ಇದರಲ್ಲಿ ಏನಪ್ಪಾ ನಡೀತಿದೆ" ಅಂತ ತಲೆ ಕೆರೆದುಕೊಂಡವರಿಗೆ ಉಪಯೋಗಕ್ಕೆ ಬಂದೀತು. ತಪ್ಪು ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರೇ ಮೊದಲು.

ಹಿನ್ನೆಲೆ

ಅಲ್ಲಿ ನನಗೆ ಕ್ಯಾಟಲಾಗ್ ಬರೆಯುವ ಕೆಲಸ. ಪೆಟ್ಟಿಗೆ ತೆಗೆಯುವುದು, ಹಾಳೆ ಅಳೆಯುವುದು, ಯಾವ ಕಥೆ, ಯಾರು ಕೆತ್ತಿದ್ದು, ಕಾಗದ ಹೇಗಿದೆ ಅಂತ ಬರೆದಿಡುವುದು. ಒಂದು ಮನೆತನದವರು ಬಹಳ ಹಿಂದೆ ಕೊಟ್ಟಿದ್ದ ಪೆಟ್ಟಿಗೆಯೊಂದರಲ್ಲಿ 12 ಹಾಳೆಗಳಿದ್ದವು. ಎಲ್ಲವೂ ತಾಮ್ರದ ತಗಡಿನ ಮೇಲೆ ಕೆತ್ತಿ ಅಚ್ಚು ಹಾಕಿದ ಎನ್‌ಗ್ರೇವಿಂಗ್‌ಗಳು. ಯಾರೋ ಪುಣ್ಯಾತ್ಮರು ಹನ್ನೆರಡನ್ನೂ ಒಂದೇ ರೀತಿ ಕತ್ತರಿಸಿ, ರಟ್ಟಿಗೆ ಅಂಟಿಸಿ, ಸುತ್ತಲೂ ಪೆನ್ನಿನಲ್ಲಿ ಕಂದು ಗೆರೆ ಎಳೆದಿದ್ದರು.

ಅಂಚು ಕತ್ತರಿಸುವುದು ಆಗ ಮಾಮೂಲು. ಆಲ್ಬಂ ಹಾಳೆಗೆ ಹಿಡಿಸಬೇಕಲ್ಲ. ಆದರೆ ಚಿತ್ರದ ಕೆಳಗಿನ ಬರಹವೂ ಕತ್ತರಿಗೆ ಸಿಕ್ಕಿ ಹೋಗುತ್ತಿತ್ತು. ಚಿತ್ರ ಕಲ್ಪಿಸಿದವರು ಯಾರು, ಕೆತ್ತಿದವರು ಯಾರು, ಮಾರಿದವರು ಯಾರು, ಜೊತೆಗೆ ಎರಡೋ ನಾಲ್ಕೋ ಸಾಲು ಲ್ಯಾಟಿನ್ ಪದ್ಯ, ಎಲ್ಲ ಇರುತ್ತಿದ್ದದ್ದು ಅಲ್ಲೇ. ಆಧಾರ್ ಕಾರ್ಡಿನಿಂದ ಫೋಟೋ ಮಾತ್ರ ಕತ್ತರಿಸಿ ಇಟ್ಟುಕೊಂಡು ಉಳಿದದ್ದನ್ನು ಬಿಸಾಕಿದ ಹಾಗೆ.

ಈ ಪ್ರಕರಣದ ಹಾಳೆ ಒಂದು ನೋಟ್‌ಬುಕ್ಕಿನಷ್ಟು ದೊಡ್ಡದು. ಒಂದು ಮರ. ಅದರ ಕೆಳಗೆ ನಡುವೆ ಬೆತ್ತಲೆ ಹೆಂಗಸೊಬ್ಬಳು ಮೈ ಮುದುರಿಕೊಂಡು ಕೂತಿದ್ದಾಳೆ. ನಮ್ಮ ಎಡಕ್ಕೆ ತಲೆಗೆ ತೆನೆ ಸುತ್ತಿಕೊಂಡ ಹೆಂಗಸು. ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದರಲ್ಲಿ ಹಣ್ಣು ತುಂಬಿದ ಕೊಂಬು. ಬಲಕ್ಕೆ ದ್ರಾಕ್ಷಿ ಬಳ್ಳಿ ಮುಡಿದ ಹುಡುಗ, ಬಟ್ಟಲು ಮುಂದೆ ಚಾಚಿದ್ದಾನೆ. ಮುಂಭಾಗದಲ್ಲಿ ರೆಕ್ಕೆಯ ಮಗುವೊಂದು ಬಗ್ಗಿ ಬೆಂಕಿ ಊದುತ್ತಿದೆ. ಅದರ ಪಕ್ಕ ನೆಲದ ಮೇಲೆ ಬಿಲ್ಲು ಬಿದ್ದಿದೆ, ಹೆದೆ ಸಡಿಲವಾಗಿದೆ.

ರಟ್ಟಿನ ಹಿಂದೆ ಒಂದು ಚೀಟಿ. ಹಳೇ ಡಚ್ ಕೈಬರಹದಲ್ಲಿ "ನಾಲ್ಕು ಋತುಗಳು".

ತೊಡಕು

ಚೀಟಿ ಸುಳ್ಳು ಹೇಳುತ್ತಿದೆ ಅಂತ ಯಾರಿಗೂ ಅನಿಸಿರಲಿಲ್ಲ. ತೆನೆ ಅಂದರೆ ಬೇಸಿಗೆ, ದ್ರಾಕ್ಷಿ ಅಂದರೆ ಅಲ್ಲಿನ ಶರತ್ಕಾಲ, ಬೆಂಕಿ ಅಂದರೆ ಚಳಿಗಾಲ. ಉಳಿದದ್ದು ವಸಂತ. ಬೆತ್ತಲೆ ಸುಂದರಿ, ಜೊತೆಗೆ ಬಿಲ್ಲಿನ ಮಗು. ರೋಮನ್ನರ ಪ್ರೇಮದೇವತೆ ವೀನಸ್ ಮತ್ತು ಅವಳ ಮಗ ಕ್ಯುಪಿಡ್ ಇರಬೇಕು, ಅಂದಮೇಲೆ ವಸಂತವೇ. ನನಗಂತೂ ಇದು ಬೇಗ ಒಪ್ಪಿಗೆಯಾಯಿತು. ಮನ್ಮಥ ಇರುವಲ್ಲಿ ವಸಂತ ಇರಲೇಬೇಕು ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಅವರಲ್ಲೂ ಈ ನಂಟು ಇದೆ. ರೋಮಿನ ಕವಿ ಓವಿಡ್ ಹಬ್ಬಗಳ ಬಗ್ಗೆ ಬರೆದ ಕಾವ್ಯದಲ್ಲಿ ಏಪ್ರಿಲ್ ತಿಂಗಳನ್ನು ವೀನಸ್‌ಗೇ ಬಿಟ್ಟುಕೊಟ್ಟಿದ್ದಾನೆ.

ಆ ವರ್ಷ ಸಂಗ್ರಹದವರು ಋತುಮಾನದ ಮೇಲೆ ಒಂದು ಸಣ್ಣ ಪ್ರದರ್ಶನ ಇಟ್ಟುಕೊಂಡಿದ್ದರು. ನಾಲ್ಕೂ ಋತು ಒಂದೇ ಹಾಳೆಯಲ್ಲಿ ಇರುವುದರಿಂದ ಇದನ್ನೇ ಪೋಸ್ಟರಿಗೆ ಆರಿಸಿದ್ದರು. ಗೋಡೆಯ ಮೇಲೆ ಹಾಕಲು ಏಳೆಂಟು ಸಾಲು ಬರೆದುಕೊಡು ಅಂದರು. ಅರ್ಧ ಗಂಟೆಯ ಕೆಲಸ ಅಂದುಕೊಂಡು ಕೂತೆ. ಮೂರು ಋತುವಿನ ಬಗ್ಗೆ ಸರಾಗವಾಗಿ ಬರೆದೆ. ಚಳಿಗಾಲಕ್ಕೆ ಬಂದಾಗ ಕೈ ನಿಂತಿತು.

ಚಳಿಗಾಲ ಯಾರು? ಮಗುವೇ? ಹಾಗಾದರೆ ಕ್ಯುಪಿಡ್ ಯಾರು? ಮಗುವನ್ನು ವಸಂತಕ್ಕೆ ಲೆಕ್ಕ ಹಿಡಿದರೆ ಚಳಿಗಾಲಕ್ಕೆ ಬರೀ ಬೆಂಕಿ ಉಳಿಯುತ್ತದೆ, ಮನುಷ್ಯರಿಲ್ಲ. ಚಳಿಗಾಲಕ್ಕೆ ಹಿಡಿದರೆ ವೀನಸ್ ಒಂಟಿಯಾಗುತ್ತಾಳೆ. ಓವಿಡ್‌ನ "ಮೆಟಮಾರ್ಫಸಿಸ್" ಕಾವ್ಯದ ಎರಡನೇ ಭಾಗದಲ್ಲಿ ಸೂರ್ಯನ ಅರಮನೆ ಬರುತ್ತದೆ. ಅಲ್ಲಿ ನಾಲ್ಕು ಋತುಗಳು ಸಾಲಾಗಿ ನಿಂತಿವೆ. ಹೂವಿನ ಕಿರೀಟದ ವಸಂತ, ತೆನೆಹಾರ ಹಾಕಿದ ಬೆತ್ತಲೆ ಬೇಸಿಗೆ, ದ್ರಾಕ್ಷಿ ತುಳಿದು ಕೊಳೆಯಾದ ಶರತ್ತು, ಕೆದರಿದ ಬಿಳಿ ಕೂದಲಿನ ಚಳಿಗಾಲ. ಆ ಕಾಲದ ಚಿತ್ರಗಾರರಿಗೆ ಈ ಕಾವ್ಯ ಬಾಯಿಪಾಠ. ಕಾರೆಲ್ ಫಾನ್ ಮಾಂಡರ್ 1604ರಲ್ಲಿ ಚಿತ್ರಗಾರರಿಗೆಂದೇ ಬರೆದ ದೊಡ್ಡ ಪುಸ್ತಕದಲ್ಲಿ ಓವಿಡ್‌ನ ಕಥೆಗಳಿಗೆ ಡಚ್ ಭಾಷೆಯ ವಿವರಣೆಯನ್ನೂ ಸೇರಿಸಿದ್ದ. ಹೀಗಿರುವಾಗ ಚಳಿಗಾಲವನ್ನು ರೆಕ್ಕೆಯ ಕೂಸು ಮಾಡುವಷ್ಟು ಅಡ್ಡದಾರಿ ಯಾಕೆ ಹಿಡಿಯುತ್ತಾರೆ? ನಮ್ಮ ಹಾಳೆಯಲ್ಲಿ ತೆನೆಯವಳು ಬಟ್ಟೆ ಹಾಕಿದ್ದಾಳೆ, ಬೆತ್ತಲೆ ಇರುವುದು ಇನ್ನೊಬ್ಬಳು. ಹೂವು ಎಲ್ಲೂ ಇಲ್ಲ.

ಹಿರಿಯ ಕ್ಯಾಟಲಾಗರ್ ಹತ್ತಿರ ಹೇಳಿದೆ. "ಕೆತ್ತುವವರೂ ತಪ್ಪು ಮಾಡ್ತಾರಮ್ಮಾ, ಜಾಸ್ತಿ ತಲೆ ಕೆಡಿಸಿಕೋಬೇಡ" ಅನ್ನುವ ಧಾಟಿಯಲ್ಲಿ ನಕ್ಕರು. ಪೋಸ್ಟರ್ ಪ್ರೆಸ್ಸಿಗೆ ಹೋಗಲು ಮೂರು ವಾರ ಇತ್ತು.

ಮೊದಲ ಪ್ರಯತ್ನ: ನಿಘಂಟು ಹಿಡಿದದ್ದು

ಬರೋಕ್ ಕಾಲದ (ಸುಮಾರು 17ನೇ ಶತಮಾನದ) ರೂಪಕ ಚಿತ್ರದ ಅರ್ಥ ಬಿಡಿಸಲು ಎಲ್ಲರೂ ಮೊದಲು ತೆಗೆಯುವುದು ಚೆಸಾರೆ ರಿಪಾನ "ಇಕೊನೊಲೊಜಿಯಾ". 1593ರಲ್ಲಿ ಬಂದ ಮೊದಲ ಮುದ್ರಣದಲ್ಲಿ ಚಿತ್ರಗಳಿರಲಿಲ್ಲ. 1603ರ ರೋಮ್ ಮುದ್ರಣಕ್ಕೆ ಚಿತ್ರಗಳು ಬಂದವು, 1644ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಡಚ್ ಅನುವಾದವೂ ಬಂತು. ಸತ್ಯ, ಅಸೂಯೆ, ಕೀರ್ತಿ, ಚಳಿಗಾಲ ಹೀಗೆ ಕಣ್ಣಿಗೆ ಕಾಣದ ಒಂದೊಂದಕ್ಕೂ ಮನುಷ್ಯರೂಪ ಕೊಟ್ಟು, ಕೈಯಲ್ಲಿ ಏನಿರಬೇಕು, ಮೈಮೇಲೆ ಏನಿರಬೇಕು ಅಂತ ಅಕಾರಾದಿಯಾಗಿ ಹೇಳುವ ಪುಸ್ತಕ.

ನಾನು ಅದನ್ನು ತಲೆಕೆಳಗು ಮಾಡಿ ಬಳಸಿದೆ. ಕೈಯಲ್ಲಿ ಇರುವುದನ್ನು ನೋಡಿ ಹೆಸರು ಹುಡುಕಿದೆ. ಒಂದು ಕೋಷ್ಟಕ ಹಾಕಿದೆ. ತೆನೆ: ಬೇಸಿಗೆ, ಸುಗ್ಗಿ, ಸಮೃದ್ಧಿ, ಭೂಮಿ, ಧಾನ್ಯದ ದೇವಿ ಸೆರೆಸ್. ದ್ರಾಕ್ಷಿ: ಶರತ್ತು, ಕುಡಿತ, ದ್ರಾಕ್ಷಾರಸದ ದೇವರು ಬಾಕಸ್. ಬೆಂಕಿ: ಚಳಿಗಾಲ, ಪ್ರೀತಿ, ಕೋಪ, ಬೆಂಕಿಯೆಂಬ ಪಂಚಭೂತ (ಅವರಲ್ಲಿ ನಾಲ್ಕೇ ಭೂತ). ಎರಡು ದಿನ ಕಳೆದು ನೋಡಿದರೆ ಕೋಷ್ಟಕ ತುಂಬಾ ಚೆನ್ನಾಗಿ ಬಂದಿತ್ತು, ಉತ್ತರ ಮಾತ್ರ ಇರಲಿಲ್ಲ. ಕೂಡಿಸುವ ಬಗೆ ಬದಲಿಸಿದರೆ ಹೊಸ ಅರ್ಥ ಬರುತ್ತಿತ್ತು. ಸಹೋದ್ಯೋಗಿಯೊಬ್ಬರು ಅದನ್ನು ನೋಡಿ "ಇದು ನಾಲ್ಕು ಭೂತಗಳೇ ಯಾಕಾಗಬಾರದು?" ಅಂದರು. ತೆನೆಯವಳು ಭೂಮಿ, ಮಗುವಿನ ಮುಂದೆ ಬೆಂಕಿ, ವೀನಸ್ ಸಮುದ್ರದಲ್ಲಿ ಹುಟ್ಟಿದವಳಾದ್ದರಿಂದ ನೀರು, ಉಳಿದವನು ಗಾಳಿ. ದ್ರಾಕ್ಷಿ ಹಿಡಿದ ಗಾಳಿ! ಅವರಿಗೇ ನಗು ಬಂತು, ಅಲ್ಲಿಗೇ ಬಿಟ್ಟೆವು.

ಆಗ ಗೊತ್ತಾಗಲಿಲ್ಲ, ಈಗ ಗೊತ್ತಿದೆ. ನಾನು ಬರೀ ನಾಮಪದಗಳನ್ನು ಓದುತ್ತಿದ್ದೆ. ತೆನೆ, ದ್ರಾಕ್ಷಿ, ಬೆಂಕಿ, ಬಿಲ್ಲು. ಕನ್ನಡದಲ್ಲಿ ಕೊನೆಗೆ ಕ್ರಿಯಾಪದ ಬರೋ ತನಕ ವಾಕ್ಯ ಎತ್ತ ತಿರುಗುತ್ತದೆ ಅಂತ ಹೇಳಲಾಗುವುದಿಲ್ಲ. "ರಾಮ ಭೀಮನಿಗೆ ಸಾವಿರ ರೂಪಾಯಿ..." ಅಂದರೆ ಕೊಟ್ಟನೋ, ಬಾಕಿಯೋ, ಟೋಪಿ ಹಾಕಿದನೋ? ಈ ಚಿತ್ರಗಳೂ ಹಾಗೇ. ಕೈಯಲ್ಲಿ ಏನಿದೆ ಅಂತ ನೋಡಿದ ಮೇಲೆ ಯಾರು ಯಾರಿಗೆ ಏನು ಮಾಡುತ್ತಿದ್ದಾರೆ ಅಂತ ನೋಡಬೇಕು.

ಎರಡನೇ ಪ್ರಯತ್ನ: ಕಾಗದ

ಚಿತ್ರ ಮಾತಾಡದಿದ್ದರೆ ಕಾಗದವಾದರೂ ಮಾತಾಡಲಿ ಅಂತ ರಿಪೇರಿ ವಿಭಾಗದವರ ಹತ್ತಿರ ಹೋದೆ. ಕಾಗದವನ್ನು ಬೆಳಕಿಗೆ ಹಿಡಿದರೆ ಒಳಗಿನ ನೀರುಗುರುತು ಕಾಣುತ್ತದೆ, ಅದರಿಂದ ಸುಮಾರು ಕಾಲ ಸಿಗುತ್ತದೆ. ಆದರೆ ನಮ್ಮ ಹಾಳೆ ರಟ್ಟಿಗೆ ಅಂಟಿಕೊಂಡಿತ್ತು, ಬೆಳಕು ತೂರುವುದಿಲ್ಲ. ಬಿಡಿಸಬೇಕು.

ಇಲ್ಲಿ ಮೊದಲ ನಿಜವಾದ ತೀರ್ಮಾನ ತೆಗೆದುಕೊಳ್ಳಬೇಕಾಯಿತು. ಬಿಡಿಸಲು ಹಾಳೆಗೆ ತೇವ ಕೊಡಬೇಕು. ಪ್ರಿಂಟಿನ ಶಾಯಿಗೆ ಏನೂ ಆಗುವುದಿಲ್ಲ, ಅದು ಎಣ್ಣೆ ಶಾಯಿ. ಸುತ್ತಲಿನ ಪೆನ್ನಿನ ಗೆರೆಗೆ ಆ ಖಾತ್ರಿ ಇಲ್ಲ. "ಹೆಸರು ಅನುಮಾನ ಬಂತು ಅಂತ ಹಾಳೆ ನೆನೆಸೋಕಾಗಲ್ಲ" ಅಂದರು ರಿಪೇರಿಯವರು. ನನಗೆ ಸ್ವಲ್ಪ ಸಿಟ್ಟೂ ಬಂತು. "ಬೇಕಿದ್ದರೆ ಮೈಕ್ರೋಸ್ಕೋಪಿನಲ್ಲಿ ನೋಡು, ಅದಕ್ಕೆ ನೀರು ಬೇಡ" ಅಂತ ಕುರ್ಚಿ ಸರಿಸಿಕೊಟ್ಟರು. ಅವತ್ತು ಅವರು ಬೇಡ ಅಂದದ್ದಕ್ಕೇ ಈ ಕಥೆ ಮುಂದುವರಿಯಿತು. ಬಿಡಿಸಲು ಹೋಗಿದ್ದರೆ ಕಂದು ಗೆರೆ ಹರಡಿ, ಮುಂದೆ ಕಂಡದ್ದು ಕಾಣುತ್ತಲೇ ಇರಲಿಲ್ಲ.

ಎನ್‌ಗ್ರೇವಿಂಗ್ ಅನ್ನು ದೊಡ್ಡದು ಮಾಡಿ ನೋಡುವುದೇ ಒಂದು ಸುಖ. ಬ್ಯೂರಿನ್ ಅನ್ನುವ ಚೂಪು ಉಳಿಯಿಂದ ತಾಮ್ರದಲ್ಲಿ ಗೀರು ತೆಗೆಯುತ್ತಾರೆ. ಆ ಗೀರಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಇಟ್ಟು ರೋಲರಿನ ಕೆಳಗೆ ಜೋರಾಗಿ ಒತ್ತುತ್ತಾರೆ. ಕಾಗದವೇ ಗೀರಿನೊಳಕ್ಕೆ ಇಳಿದು ಶಾಯಿ ಎತ್ತಿಕೊಂಡು ಬರುತ್ತದೆ. ಹಾಗಾಗಿ ಗೆರೆ ಕಾಗದದ ಮೇಲೆ ಕೂದಲೆಳೆಯಷ್ಟು ಉಬ್ಬಿರುತ್ತದೆ. ಪಕ್ಕದಿಂದ ಬೆಳಕು ಬಿಟ್ಟರೆ ಉಬ್ಬಿದ ಗೆರೆಗೆ ನೆರಳು ಬೀಳುತ್ತದೆ. ಪೆನ್ನಿನ ಶಾಯಿ ಹಾಗಲ್ಲ, ಕಾಗದದೊಳಕ್ಕೆ ಇಂಗಿರುತ್ತದೆ. ಹಳೇ ಕಬ್ಬಿಣದ ಶಾಯಿಯಾದರೆ ಕಾಲ ಕಳೆದಂತೆ ಕಂದಾಗುತ್ತದೆ.

ಕೆಳಗಿನ ಕಂದು ಗೆರೆಯ ಮೇಲೆ ಕಣ್ಣಾಡಿಸುತ್ತಾ ಹೋದೆ. ಗೆರೆಯ ಒಳಗೆ, ಅಲ್ಲಲ್ಲಿ, ಕಪ್ಪು ಚೂರುಗಳು. ಪಕ್ಕದ ಬೆಳಕು ಬಿಟ್ಟೆ. ಕಪ್ಪು ಚೂರುಗಳಿಗೆ ನೆರಳು ಬಿತ್ತು. ಕಂದಿಗೆ ಬೀಳಲಿಲ್ಲ. ಕಪ್ಪು ಅಚ್ಚಿನದು, ಕಂದು ಪೆನ್ನಿನದು. ಅಂದರೆ ಕತ್ತರಿಸಿದವರ ಕೈ ಒಂದು ಸ್ವಲ್ಪ ತಪ್ಪಿ, ಕೆಳಗಿನ ಬರಹದ ಮೇಲ್ತುದಿ ಹಾಳೆಯಲ್ಲೇ ಉಳಿದಿತ್ತು. ಅದು ಅಸಹ್ಯ ಕಾಣಬಾರದು ಅಂತಲೇ ಅದರ ಮೇಲೆ ಗೆರೆ ಎಳೆದಿದ್ದರು.

ನಾಲ್ಕು ದೊಡ್ಡಕ್ಷರ

ಉಳಿದದ್ದು ಅಕ್ಷರಗಳ ತಲೆ ಮಾತ್ರ, ಅರ್ಧ ಮಿಲಿಮೀಟರಿಗಿಂತ ಕಡಿಮೆ. ಬೇರೆಯವುಗಳಿಗಿಂತ ದಪ್ಪವಾಗಿ, ದೂರ ದೂರವಾಗಿ ನಾಲ್ಕು ಗುರುತು ಕಂಡವು. ನಾಲ್ಕು ದೊಡ್ಡಕ್ಷರ (ಕ್ಯಾಪಿಟಲ್ ಲೆಟರ್), ಅಂದರೆ ನಾಲ್ಕು ಮುಖ್ಯ ಪದ. ನಾನು ಹಿರಿಯರನ್ನು ಕರೆದು ತೋರಿಸಿದೆ. ಅವರು ನೋಡಿದವರೇ ನೇರವಾಗಿ ನಿಂತು, "ನಾಲ್ಕು ಪದ, ನಾಲ್ಕು ಋತು. ವೇರ್, ಎಸ್ಟಾಸ್, ಆಟಮ್ನುಸ್, ಹಿಯೆಮ್ಸ್. ಆಯ್ತಲ್ಲ" ಅಂದರು. ಲ್ಯಾಟಿನ್‌ನಲ್ಲಿ ನಾಲ್ಕು ಋತುಗಳ ಹೆಸರು ಅವು (Ver, Aestas, Autumnus, Hiems). ಕೊನೆಯ ದೊಡ್ಡಕ್ಷರಕ್ಕೆ ಎರಡು ತುದಿ ಕಾಣುತ್ತಿತ್ತು. ಹಿಯೆಮ್ಸ್ ಶುರುವಾಗುವ ಎಚ್ ಅಕ್ಷರಕ್ಕೂ ಎರಡು ತುದಿ. ನನಗೂ ಹೌದು ಅನಿಸಿತು. ಫೈಲ್ ಮುಚ್ಚಿದೆ. ಮಗುವಿನ ವಿಷಯಕ್ಕೆ "ಅಪರೂಪದ ಚಿತ್ರಣ" ಅಂತ ಒಂದು ಪದ ಹಾಕಿ ಗೋಡೆಯ ಸಾಲು ಮುಗಿಸಿದೆ. ನಮಗೆ ಅರ್ಥವಾಗದ್ದಕ್ಕೆಲ್ಲ ಈ "ಅಪರೂಪದ" ಅನ್ನುವ ಪದ ಬಹಳ ಅನುಕೂಲ ನೋಡಿ.

ಪೋಸ್ಟರಿಗೆ ಎಂಟು ದಿನ ಇರುವಾಗ ಲ್ಯಾಟಿನ್ ಮೇಷ್ಟ್ರು ಬಂದರು. ಶಾಲೆಯಿಂದ ರಿಟೈರ್ ಆದವರು. ವಾರಕ್ಕೊಮ್ಮೆ ಬಂದು ಪ್ರಿಂಟುಗಳ ಮೇಲಿನ ಪದ್ಯ ಓದಿಕೊಡುತ್ತಿದ್ದರು, ಸಂಬಳ ಇಲ್ಲ, ಕಾಫಿ ಅಷ್ಟೇ. ಗೋಡೆಯ ಸಾಲು ತಿದ್ದಿಕೊಡಿ ಅಂತ ಕೊಟ್ಟೆ. ಅವರು ಬರಹ ಓದಲಿಲ್ಲ. ಚಿತ್ರವನ್ನೇ ಬಹಳ ಹೊತ್ತು ನೋಡಿ ಕೇಳಿದರು: "ಈಕೆಗೆ ಯಾಕೆ ಇಷ್ಟು ಚಳಿ?"

ನಾನು ಆ ಹಾಳೆಯ ಜೊತೆ ಎರಡು ವಾರ ಕಳೆದಿದ್ದೆ. ನಡುವಿನ ಹೆಂಗಸು ಚಳಿಯಲ್ಲಿ ನಡುಗುತ್ತಿದ್ದಾಳೆ ಅಂತ ನನ್ನ ಯಾವ ಟಿಪ್ಪಣಿಯಲ್ಲೂ ಇರಲಿಲ್ಲ. ತೋಳು ಎದೆಗೆ ಅಡ್ಡ, ಮೊಣಕಾಲು ಜೋಡಿಸಿ, ಭುಜ ಎತ್ತಿ, ಕೈಬೆರಳು ಕಂಕುಳಲ್ಲಿ. ಧಾರವಾಡದ ಡಿಸೆಂಬರ್ ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಜನ ಕೂರುವ ಹಾಗೇ ಕೂತಿದ್ದಾಳೆ. ನಾನು ಅದನ್ನು "ನಾಚಿಕೆಯ ಭಂಗಿ" ಅಂತ ಬರೆದುಬಿಟ್ಟಿದ್ದೆ. ವಸಂತಕ್ಕೆ ಚಳಿಯಾಗುವುದುಂಟೇ?

ಅಷ್ಟಾದ ಮೇಲೆ ಉಳಿದದ್ದು ತಾನಾಗಿಯೇ ಜೋಡಿಸಿಕೊಂಡಿತು. ತೆನೆಯವಳು ಹಣ್ಣಿನ ಕೊಂಬನ್ನು ಸುಮ್ನೆ ಹಿಡಿದುಕೊಂಡಿಲ್ಲ, ನಡುವಿನವಳಿಗೆ ಕೊಡುತ್ತಿದ್ದಾಳೆ. ಹುಡುಗ ಬಟ್ಟಲು ಚಾಚಿರುವುದೂ ಅವಳ ಕಡೆಗೇ. ಮಗು ಬೆಂಕಿ ಊದುತ್ತಿರುವುದೂ ಅವಳಿಗಾಗಿಯೇ. ಬಿಲ್ಲು ನೆಲದ ಮೇಲಿದೆ, ಯಾಕೆಂದರೆ ಇಂಥ ಚಳಿಯಲ್ಲಿ ಪ್ರೀತಿಯ ಕೆಲಸ ನಡೆಯುವುದಿಲ್ಲ. ಋತುಗಳಾಗಿದ್ದರೆ ಒಬ್ಬೊಬ್ಬರೂ ತಮ್ಮ ಪಾಡಿಗೆ ತಾವು ನಿಂತಿರುತ್ತಿದ್ದರು.

ಮೇಷ್ಟ್ರು ಮೆಲ್ಲಗೆ ಹೇಳಿದರು: "ಸಿನೆ ಸೆರೆರೆ ಎತ್ ಬಾಕ್ಕೋ ಫ್ರಿಗೆತ್ ವೀನಸ್" (Sine Cerere et Baccho friget Venus). ಸೆರೆಸ್ ಮತ್ತು ಬಾಕಸ್ ಇಲ್ಲದಿದ್ದರೆ ವೀನಸ್ ತಣ್ಣಗಾಗುತ್ತಾಳೆ. ಅನ್ನ, ಪಾನ ಇಲ್ಲದ ಕಡೆ ಪ್ರೀತಿ ಬೆಚ್ಚಗಿರುವುದಿಲ್ಲ.

ಈ ಮಾತು ಬಹಳ ಹಳೆಯದು. ಕ್ರಿಸ್ತಪೂರ್ವ 161ರಲ್ಲಿ ರೋಮಿನಲ್ಲಿ ಆಡಿದ ಟೆರೆನ್ಸ್‌ನ "ಯುನುಕುಸ್" ಅನ್ನುವ ಹಾಸ್ಯ ನಾಟಕದಲ್ಲಿ ಬರುತ್ತದೆ. ಒಬ್ಬ ಕುಡಿದು ಔತಣದಿಂದ ವಾಪಸ್ ಬರುತ್ತಾನೆ. ಮನೆಯ ದಾಸಿಯನ್ನು ನೋಡಿ, ಆಗ ನೋಡಿದ್ದಕ್ಕಿಂತ ಈಗ ಎಷ್ಟು ಚೆಂದ ಕಾಣ್ತೀಯೆ ಅನ್ನುತ್ತಾನೆ. ನೀನೂ ಆಗಿನಕ್ಕಿಂತ ಖುಷಿಯಾಗಿದ್ದೀಯ ಅನ್ನುತ್ತಾಳೆ ಅವಳು. ಆಗ ಅವನು, ಆ ಗಾದೆ ನಿಜ ಕಣೇ ಅಂತ ಇದನ್ನು ಹೇಳುತ್ತಾನೆ. ಅಂದರೆ ಆಗಲೇ ಅದು ಗಾದೆ. ನಾಟಕದಲ್ಲಿ ಬಾಕಸ್‌ಗೆ ಲಿಬೆರ್ ಅನ್ನುವ ಹೆಸರಿದೆ. ಡಚ್ ವಿದ್ವಾಂಸ ಎರಾಸ್ಮಸ್ ತನ್ನ ದೊಡ್ಡ ಗಾದೆ ಸಂಗ್ರಹಕ್ಕೆ ಇದನ್ನು ಸೇರಿಸಿದ್ದ. ಲ್ಯಾಟಿನ್ ಶಾಲೆಗೆ ಹೋದ ಹುಡುಗರಿಗೆಲ್ಲ ಗೊತ್ತಿದ್ದ ಮಾತು.

ಅವತ್ತು ರಾತ್ರಿ ಅಮ್ಮನಿಗೆ ಫೋನಿನಲ್ಲಿ ಈ ಗಾದೆ ಹೇಳಿದೆ. ಅವರು ಒಂದು ಕ್ಷಣವೂ ಯೋಚಿಸದೆ, "ಅದೇ ಕಣೆ, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಅಂದರು. ಪೂರ್ತಿ ಅದೇ ಅಲ್ಲ. ನಮ್ಮದು ಬೈಗುಳ, ಅವರದು ಸಬೂಬು. ಆದರೆ ವೀನಸ್‌ಗೆ ಹೊಟ್ಟೆಗೆ ಹಿಟ್ಟಿಲ್ಲ ಅನ್ನುವುದನ್ನು ಅಮ್ಮ ಚಿತ್ರ ನೋಡದೇ ಹಿಡಿದಿದ್ದರು.

ಒಂದು ಚುಕ್ಕೆ

ಮೇಷ್ಟ್ರ ಓದು ಎಷ್ಟೇ ಚೆನ್ನಾಗಿದ್ದರೂ ಅದು ಓದು ಅಷ್ಟೇ. ಹಿರಿಯರು ಒಪ್ಪಲಿಲ್ಲ. "ಆ ಗಾದೆಯಲ್ಲೂ ದೊಡ್ಡಕ್ಷರ ನಾಲ್ಕೇ. ನನ್ನದಕ್ಕಿಂತ ನಿಮ್ಮದು ಯಾಕೆ ಸರಿ?" ನ್ಯಾಯವಾದ ಪ್ರಶ್ನೆ. ಅದೇ ಗುರುತು ಎರಡು ವಾಕ್ಯಕ್ಕೂ ಹೊಂದುತ್ತಿತ್ತು.

ಮತ್ತೆ ಮೈಕ್ರೋಸ್ಕೋಪಿನ ಮುಂದೆ ಕೂತೆವು. ಈ ಸಲ ದೊಡ್ಡಕ್ಷರ ಬಿಟ್ಟು ಸಣ್ಣ ಚೂರುಗಳನ್ನು ಹುಡುಕಿದೆವು. ಇಂಗ್ಲಿಷಿನ ಹಾಗೇ ಲ್ಯಾಟಿನ್‌ನ ಸಣ್ಣ ಐ ಅಕ್ಷರಕ್ಕೂ ತಲೆ ಮೇಲೆ ಚುಕ್ಕೆ. ಎಚ್ ಮತ್ತು ಎಫ್‌ಗೆ ಉದ್ದ ಕತ್ತು. ಋತುಗಳ ಸಾಲಾದರೆ ಚುಕ್ಕೆ ಇರುವುದು ಒಂದೇ ಕಡೆ, ಕೊನೆಯ ದೊಡ್ಡಕ್ಷರದ ಪಕ್ಕ. ಗಾದೆಯಾದರೆ ಮೊದಲ ದೊಡ್ಡಕ್ಷರದ ಪಕ್ಕದಲ್ಲೇ ಒಂದು ಚುಕ್ಕೆ ಬೇಕು. ಮೂರನೇ ಮತ್ತು ನಾಲ್ಕನೇ ದೊಡ್ಡಕ್ಷರದ ನಡುವೆ, ಹತ್ತಿರ ಹತ್ತಿರ ಎರಡು ಉದ್ದ ಕತ್ತೂ ಬೇಕು.

ರಿಪೇರಿಯವರು ಫೋಟೋ ತೆಗೆದು ದೊಡ್ಡದು ಮಾಡಿ ಪ್ರಿಂಟ್ ಹಾಕಿದರು. ಮೇಷ್ಟ್ರು ಟ್ರೇಸಿಂಗ್ ಹಾಳೆಯ ಮೇಲೆ ಆ ಕಾಲದ ಓರೆ ಅಕ್ಷರದಲ್ಲಿ ಎರಡೂ ವಾಕ್ಯಗಳನ್ನು ಅದೇ ಅಗಲಕ್ಕೆ ಬರೆದರು. ಋತುಗಳ ಸಾಲನ್ನು ಮೊದಲು ಇಟ್ಟೆವು. ಎರಡನೇ, ಮೂರನೇ ದೊಡ್ಡಕ್ಷರ ದಾರಿ ತಪ್ಪಿದವು. ಗಾದೆಯ ಸಾಲನ್ನು ಇಟ್ಟಾಗ ನಾಲ್ಕೂ ಕೂತವು. ಎರಡು ಕತ್ತುಗಳೂ ಕೂತವು. ಮೊದಲ ದೊಡ್ಡಕ್ಷರದ ಬಲಕ್ಕೆ, ಕಂದು ಗೆರೆಯ ಅಂಚಿನಲ್ಲಿ, ಗಸಗಸೆಗಿಂತ ಸಣ್ಣ ಕಪ್ಪು ಚುಕ್ಕೆ ಇತ್ತು. ಅದನ್ನು ಮೊದಲೂ ನೋಡಿದ್ದೆ, ಶಾಯಿ ಸಿಡಿದ ಕಲೆ ಅಂದುಕೊಂಡಿದ್ದೆ. ಪಕ್ಕದ ಬೆಳಕಿನಲ್ಲಿ ಅದಕ್ಕೂ ನೆರಳಿತ್ತು.

ಹಿರಿಯರು ಟ್ರೇಸಿಂಗ್ ಹಾಳೆಯನ್ನು ತಾವೇ ಮೂರು ಸಲ ಎತ್ತಿ ಇಟ್ಟು ನೋಡಿದರು. ಆಮೇಲೆ ಪ್ರೆಸ್ಸಿಗೆ ಫೋನ್ ಮಾಡಿ ಪೋಸ್ಟರ್ ನಿಲ್ಲಿಸಿದರು. ತಪ್ಪೊಪ್ಪಿಗೆಯ ಮಾತೇನೂ ಆಡಲಿಲ್ಲ. ನನಗೆ ಅವರ ಮೇಲೆ ಗೌರವ ಜಾಸ್ತಿಯಾದದ್ದು ಅವತ್ತೇ.

ದೊಡ್ಡ ಹೆಸರಿನ ಆಸೆ

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಈ ಗಾದೆ ಅಂದ ಕೂಡಲೇ ಪ್ರಿಂಟ್ ಲೋಕದಲ್ಲಿ ಎಲ್ಲರ ಬಾಯಲ್ಲೂ ಬರುವ ಹೆಸರು ಒಂದೇ, ಹೆಂಡ್ರಿಕ್ ಗೋಲ್ಟ್‌ಸಿಯಸ್. ನೆದರ್‌ಲ್ಯಾಂಡ್ಸಿನ ಹಾರ್ಲೆಮ್ ಊರಿನಲ್ಲಿ ನೆಲೆಸಿದ್ದ ಕೆತ್ತನೆಗಾರ, 1558ರಲ್ಲಿ ಹುಟ್ಟಿ 1617ರಲ್ಲಿ ತೀರಿಕೊಂಡ. ಎಳೆಯ ಮಗುವಾಗಿದ್ದಾಗ ಬೆಂಕಿಗೆ ಬಿದ್ದು ಬಲಗೈ ಸುಟ್ಟಿತ್ತು ಅಂತ ಫಾನ್ ಮಾಂಡರ್ ಬರೆದಿದ್ದಾನೆ. ಬೆರಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಆ ಕೈಯನ್ನೇ ಅವನು 1588ರಲ್ಲಿ ಬಿಡಿಸಿದ ಚಿತ್ರ ಹಾರ್ಲೆಮ್‌ನ ಟೇಲರ್ಸ್ ಮ್ಯೂಸಿಯಂನಲ್ಲಿದೆ. ಆ ಕೈಯಲ್ಲೇ ಅವನು ಯುರೋಪಿನ ಅತಿ ನುರಿತ ಬ್ಯೂರಿನ್ ಕೆಲಸಗಾರನಾದ. ಉಳಿಯನ್ನು ಒತ್ತುತ್ತಾ ಸಡಿಲಿಸುತ್ತಾ ಒಂದೇ ಗೆರೆಯನ್ನು ದಪ್ಪ ಮಾಡಿ ಮತ್ತೆ ತೆಳು ಮಾಡುವುದು ಅವನ ಕೈಚಳಕ. ಆ ಉಬ್ಬುತಗ್ಗಿನ ಗೆರೆಯಿಂದಲೇ ಮಾಂಸಖಂಡ, ರೇಷ್ಮೆ, ಮೋಡ ಎಲ್ಲ ಬರುತ್ತಿತ್ತು. ಮುಂದೆ ಆಂಟ್‌ವರ್ಪ್‌ನ ಚಿತ್ರಗಾರ ರುಬೆನ್ಸ್‌ನ ಚಿತ್ರಗಳನ್ನು ತಾಮ್ರಕ್ಕೆ ಇಳಿಸಿದ ಬರೋಕ್ ಕೆತ್ತನೆಗಾರರು ಬೆಳೆದದ್ದು ಈ ಗೆರೆಯ ಮೇಲೇ.

ಸೆರೆಸ್, ಬಾಕಸ್, ವೀನಸ್ ಅವನಿಗೆ ಬಿಡದ ವಸ್ತು. 1593ರಲ್ಲಿ ಚರ್ಮದ ಹಾಳೆಯ ಮೇಲೆ ಪೆನ್ನಿನಲ್ಲಿ ಬಿಡಿಸಿದ್ದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇನ್ನೊಂದು ದೊಡ್ಡದು ಅಮೆರಿಕದ ಫಿಲಡೆಲ್ಫಿಯಾದಲ್ಲಿದೆ. ಮತ್ತೊಂದು ರಷ್ಯಾದ ಹರ್ಮಿಟೇಜ್‌ನಲ್ಲಿ. ಅದರಲ್ಲಿ ದೇವರುಗಳ ಹಿಂದೆ ಬ್ಯೂರಿನ್ ಹಿಡಿದು ನಿಂತವನು ಸ್ವತಃ ಅವನೇ. ಇವೆಲ್ಲ ಪೆನ್ನಿನ ಕೆಲಸ, ಆದರೆ ನೋಡಿದರೆ ಎನ್‌ಗ್ರೇವಿಂಗ್ ಅಂತಲೇ ಅನಿಸುತ್ತದೆ, ಒಂದೊಂದು ಗೆರೆಯೂ ಉಬ್ಬಿ ಇಳಿಯುತ್ತದೆ. ಮಗುವಾಗಿದ್ದಾಗ ಬೆಂಕಿಗೆ ಬಿದ್ದವನು ವೀನಸ್ ಮುಂದಿನ ಬೆಂಕಿಯನ್ನು ಮತ್ತೆ ಮತ್ತೆ ಬಿಡಿಸಿದ ಅಂತ ನನಗೆ ಆಗಾಗ ನೆನಪಾಗುತ್ತದೆ. ಹಾರ್ಲೆಮ್ ಬಿಯರ್ ತಯಾರಿಸುವ ಊರು. ಸೆರೆಸ್ ಅಂದರೆ ಧಾನ್ಯ, ಬಿಯರ್ ಧಾನ್ಯದ್ದೇ. ಅಲ್ಲಿನ ಬಿಯರ್ ಧಣಿಗಳಿಗೆ ಈ ವಸ್ತು ಇಷ್ಟವಾಗಿದ್ದಿರಬೇಕು ಅಂತ ಕೆಲವು ವಿದ್ವಾಂಸರು ವಾದಿಸಿದ್ದಾರೆ.

ಅವನ ಪ್ರಿಂಟುಗಳಿಗೆ ಲ್ಯಾಟಿನ್ ಪದ್ಯ ಬರೆದುಕೊಡುತ್ತಿದ್ದವರಲ್ಲಿ ಕೊರ್ನೇಲಿಯಸ್ ಸ್ಕೋನೇಯಸ್ ಒಬ್ಬ. ಹಾರ್ಲೆಮ್‌ನ ಲ್ಯಾಟಿನ್ ಶಾಲೆಯ ಮುಖ್ಯಸ್ಥ. ಟೆರೆನ್ಸ್‌ನ ಶೈಲಿಯಲ್ಲಿ ಬೈಬಲ್ ನಾಟಕ ಬರೆದು "ಕ್ರಿಶ್ಚಿಯನ್ ಟೆರೆನ್ಸ್" ಅನ್ನಿಸಿಕೊಂಡವನು. ಇದನ್ನು ಹೇಳುವಾಗ ನಮ್ಮ ಮೇಷ್ಟ್ರ ಮುಖ ಅರಳುತ್ತಿತ್ತು.

ಹೀಗೆ ಎಲ್ಲ ದಾರಿಯೂ ಹಾರ್ಲೆಮ್ ಕಡೆಗೇ ತೋರಿಸುತ್ತಿತ್ತು. "ಗೋಲ್ಟ್‌ಸಿಯಸ್ ಬಳಗ" ಅಂತ ಬರೆದರೆ ತಪ್ಪೇನು ಅಂತ ಕಚೇರಿಯವರು ಕೇಳಿದರು. ದೊಡ್ಡ ಹೆಸರು ಬಂದರೆ ಜನ ಬರುತ್ತಾರೆ, ಪತ್ರಿಕೆಯವರೂ ಬರುತ್ತಾರೆ. ನನಗೂ ಆಸೆ ಇತ್ತು, ಸುಳ್ಳು ಹೇಳಲ್ಲ.

ತಡೆದದ್ದು ಎರಡು ವಿಷಯ. ಒಂದು, ಕುಡುಗೋಲು ಎಡಗೈಯಲ್ಲಿತ್ತು, ಬಟ್ಟಲೂ ಎಡಗೈಯಲ್ಲೇ. ತಾಮ್ರದ ಮೇಲೆ ಕೆತ್ತಿದ್ದು ಕಾಗದದಲ್ಲಿ ಕನ್ನಡಿಯ ಹಾಗೆ ತಿರುಗಿ ಬರುತ್ತದೆ. ಪಳಗಿದವರು ಇದನ್ನು ಲೆಕ್ಕ ಹಾಕಿ ಮೊದಲೇ ತಿರುಗಿಸಿ ಕೆತ್ತುತ್ತಾರೆ. ಬೇರೊಂದು ಪ್ರಿಂಟನ್ನು ಮುಂದಿಟ್ಟುಕೊಂಡು ಇದ್ದಂತೆ ನಕಲು ಮಾಡಿದರೆ ಎಲ್ಲರೂ ಎಡಚರಾಗುತ್ತಾರೆ. ಎರಡು, ಗೆರೆ. ಒಂದರ ಮೇಲೊಂದು ಹಾಯಿಸಿದ ಗೆರೆಗಳ ನಡುವಿನ ಚೌಕದಲ್ಲಿ ಚುಕ್ಕೆ ಇಟ್ಟು ಚರ್ಮದ ನುಣುಪು ತರುವುದು ಆ ಪರಂಪರೆಯ ಪದ್ಧತಿ. ನಮ್ಮ ಹಾಳೆಯಲ್ಲಿ ವೀನಸ್‌ನ ತೊಡೆಯ ಮೇಲೆ ಚುಕ್ಕೆಗಳು ಅರ್ಧಕ್ಕೆ ಚೌಕದಿಂದ ಹೊರಗೆ ಬಿದ್ದಿದ್ದವು. 18 ಸಾಲಿನ ರಂಗೋಲಿಯಲ್ಲಿ ಎಳೆ ತಪ್ಪಿ ಚುಕ್ಕೆ ಹೊರಗೆ ಉಳಿದ ಹಾಗೆ. ಕಲಿಯುತ್ತಿದ್ದ ಕೈ ಅದು, ಅಥವಾ ಅವಸರದ ಕೈ.

ಕೊನೆಗೆ ಬರೆದದ್ದು: "ನೆದರ್‌ಲ್ಯಾಂಡ್ಸ್, 17ನೇ ಶತಮಾನ, ಕೆತ್ತಿದವರು ತಿಳಿದಿಲ್ಲ, ಬಹುಶಃ ಬೇರೊಂದು ಪ್ರಿಂಟಿನ ತಿರುಗುಮುರುಗು ನಕಲು." ಕಚೇರಿಯವರಿಗೆ ನಿರಾಸೆಯಾಯಿತು.

ಗೋಡೆಯ ಮೇಲೆ

ಪ್ರದರ್ಶನದಿಂದಲೇ ತೆಗೆದುಬಿಡೋಣ ಅಂತ ಒಂದು ಮಾತು ಬಂತು, ಋತುಗಳಲ್ಲ ಅಂದಮೇಲೆ ಇಲ್ಲಿ ಇದಕ್ಕೇನು ಕೆಲಸ ಅಂತ. ಹಿರಿಯರೇ ಬೇಡ ಅಂದರು. ಪೋಸ್ಟರಿಗೆ ಬೇರೆ ಚಿತ್ರ ಹೋಯಿತು. ಇದನ್ನು ಕೊನೆಯ ಕೋಣೆಯಲ್ಲಿ ಹಳೇ ಚೀಟಿಯ ಸಮೇತ ಇಟ್ಟೆವು, ಪಕ್ಕದಲ್ಲಿ ಟ್ರೇಸಿಂಗ್ ಹಾಳೆ ಮತ್ತು ಒಂದು ಭೂತಗನ್ನಡಿ.

ಗೋಡೆಯ ಸಾಲು ಬರೆಯುವಾಗ ಮತ್ತೊಂದು ಜಗಳ. ಈ ಗಾದೆ ಹೊಗಳಿಕೆಯೋ ಎಚ್ಚರಿಕೆಯೋ? ಔತಣ ಮಾಡಿ, ಪ್ರೀತಿ ಮಾಡಿ ಅಂತಲೂ ಓದಬಹುದು. ಜಾಸ್ತಿ ತಿಂದು ಕುಡಿದರೆ ಕಾಮ ಕೆರಳುತ್ತದೆ, ಹುಷಾರು ಅಂತಲೂ ಓದಬಹುದು. ಆ ಕಾಲದವರು ಎರಡೂ ಥರ ಓದಿದ್ದಾರೆ. ರುಬೆನ್ಸ್ 1614ರಲ್ಲಿ ಬಿಡಿಸಿದ "ವೀನಸ್ ಫ್ರಿಗಿಡಾ" ಆಂಟ್‌ವರ್ಪ್‌ನಲ್ಲಿದೆ. ಅದರಲ್ಲಿ ವೀನಸ್ ಹಳೇ ರೋಮನ್ ಶಿಲ್ಪದ ಹಾಗೆ ಕುಕ್ಕರುಗಾಲಲ್ಲಿ ಕೂತು ನಡುಗುತ್ತಿದ್ದಾಳೆ, ಕ್ಯುಪಿಡ್ ಪಕ್ಕದಲ್ಲಿ ಮುದುಡಿದ್ದಾನೆ. ಅದನ್ನು ನೋಡಿದರೆ ನನಗೆ ಎಚ್ಚರಿಕೆಯೂ ಕಾಣುವುದಿಲ್ಲ, ಹೊಗಳಿಕೆಯೂ ಕಾಣುವುದಿಲ್ಲ. ಪಾಪ ಅನಿಸುತ್ತದೆ ಅಷ್ಟೇ. ನಮ್ಮ ಹಾಳೆಯ ಕೆಳಗಿದ್ದ ಪದ್ಯ ಉಳಿದಿದ್ದರೆ ಯಾವ ಕಡೆ ವಾಲಿತ್ತು ಅಂತ ತಿಳಿಯುತ್ತಿತ್ತು. ಇಲ್ಲ, ಹಾಗಾಗಿ ಎರಡನ್ನೂ ಬರೆದೆವು.

ನೋಡಲು ಬಂದ ಒಬ್ಬ ಅಜ್ಜಿ ನನ್ನನ್ನು ಕರೆದು ವಾದ ಹೂಡಿದರು. ಚೀಟಿ ಬರೆದವರು ದಡ್ಡರೇನಲ್ಲ, ತೆನೆ ದ್ರಾಕ್ಷಿ ಮುಗಿದ ಮೇಲೆ ಬರುವ ಚಳಿಯಲ್ಲೇ ಅಲ್ವಾ ವೀನಸ್ ನಡುಗೋದು ಅಂದರು. ಸರಿಯಾದ ಮಾತು. ಸೆರೆಸ್ ಬೇಸಿಗೆಯನ್ನೂ ಬಾಕಸ್ ಶರತ್ತನ್ನೂ ಬೆನ್ನಿಗೆ ಕಟ್ಟಿಕೊಂಡೇ ಬರುತ್ತಾರೆ, ಕೆತ್ತಿಸಿದವರಿಗೂ ಅದು ಗೊತ್ತಿತ್ತು. ಅಜ್ಜಿ ಹೋದ ಮೇಲೆ ಕ್ಯಾಟಲಾಗಿನಲ್ಲಿ ಇನ್ನೊಂದು ಸಾಲು ಸೇರಿಸಿದೆ. ಹಳೇ ಹೆಸರನ್ನು ಅಳಿಸದೆ "ಹಿಂದಿನ ಹೆಸರು" ಅಂತ ಉಳಿಸಿದೆ.

ಈಗ ಅಲ್ಲಿ ಹೊಸ ಹಾಳೆ ಬಂದರೆ ಕೆಲಸದ ಕ್ರಮ ಬದಲಾಗಿದೆ. ಹಿಂದಿನ ಚೀಟಿಯನ್ನು ಮೊದಲು ಮುಚ್ಚಿಡುತ್ತೇವೆ. ರಿಪಾನ ಪುಸ್ತಕ ತೆಗೆಯುವ ಮುಂಚೆ, ಯಾರು ಯಾರ ಕಡೆ ನೋಡುತ್ತಿದ್ದಾರೆ, ಯಾರು ಏನು ಕೊಡುತ್ತಿದ್ದಾರೆ, ಯಾರಿಗೆ ಏನಾಗಿದೆ ಅಂತ ಬರೀ ಕ್ರಿಯಾಪದಗಳಲ್ಲಿ ಒಂದು ಪುಟ ಬರೆಯಬೇಕು. ಮೇಷ್ಟ್ರು ಆ ಪುಟವನ್ನು ಶಾಲೆಯ ಕಾಪಿಬುಕ್ಕಿನ ಹಾಗೆ ಕೆಂಪು ಪೆನ್ಸಿಲಿನಲ್ಲಿ ತಿದ್ದುತ್ತಾರೆ. ನನ್ನ ಮೊದಲ ಪುಟದಲ್ಲಿ "ನಿಂತಿದ್ದಾಳೆ" ಅನ್ನುವುದಕ್ಕೆ ಅಡಿಗೆರೆ ಹಾಕಿ "ಬರೀ ನಿಂತಿದ್ದಾಳಾ?" ಅಂತ ಬರೆದಿದ್ದರು.

ಅದೇ ಪೆಟ್ಟಿಗೆಯಲ್ಲಿ ಅದೇ ಕಂದು ಗೆರೆಯ ಹಾಳೆಗಳು ಇನ್ನೂ 11 ಇವೆ. ಎರಡು ನೋಡಿ ಆಯಿತು, ಗೆರೆಯೊಳಗೆ ಏನೂ ಸಿಗಲಿಲ್ಲ. ಮೂರನೆಯದು ಈಗ ಮೇಜಿನ ಮೇಲಿದೆ. ಕುಡುಗೋಲು ಹಿಡಿದ ರೆಕ್ಕೆಯ ಮುದುಕ, ಅವನು ಒಬ್ಬ ಹೆಂಗಸಿನ ಮೈಮೇಲಿನ ಬಟ್ಟೆಯನ್ನು ಎಳೆಯುತ್ತಿದ್ದಾನೆ, ಅಥವಾ ಹೊದಿಸುತ್ತಿದ್ದಾನೆ. ಚೀಟಿಯಲ್ಲಿ "ಬೇಸಿಗೆ" ಅಂತಿದೆಯಂತೆ. ನಾನಿನ್ನೂ ತಿರುಗಿಸಿ ನೋಡಿಲ್ಲ.